ಗಿಟಾರ್ ಇಲ್ಲದ ರಾಕ್: ಸಂಪಾದಕರ ಉತ್ತರ

‘ನಮ್ಮ ಬ್ಯಾಂಡ್‌ನಲ್ಲಿ ಇರುವುದು ಕೀಬೋರ್ಡ್, ಬೇಸ್, ಡ್ರಮ್ಸ್ ಮಾತ್ರ. ರಾಕ್ ನುಡಿಸಿದರೆ ಸಪ್ಪೆ ಅನ್ನಿಸುತ್ತದೆ. ಮಾದರಿಗೆ ಯಾವ ಆಲ್ಬಮ್ ಕೇಳಬೇಕು?’ ಎಂದು ಬರೆದಿದ್ದೀರಿ.

ಬ್ರಿಟಿಷ್ ಗಾಯಕ, ಪಿಯಾನೊ ವಾದಕ ಎಲ್ಟನ್ ಜಾನ್ ಅವರ ‘11-17-70’ ಆಲ್ಬಮ್ ಕೇಳಿ. 1970ರ ನವೆಂಬರ್ 17ರಂದು ನ್ಯೂಯಾರ್ಕ್‌ನ ಎ ಅಂಡ್ ಆರ್ ಸ್ಟುಡಿಯೊದಲ್ಲಿ, ಸುಮಾರು ನೂರು ಕೇಳುಗರ ಮುಂದೆ, ಎಫ್‌ಎಂ ರೇಡಿಯೊಗೆ ನೇರವಾಗಿ ನುಡಿಸಿದ ಕಛೇರಿ ಅದು. ಬೇಸ್‌ನಲ್ಲಿ ಡೀ ಮರ್ರಿ, ಡ್ರಮ್ಸ್‌ನಲ್ಲಿ ನೈಜೆಲ್ ಓಲ್ಸನ್. 1971ರ ಎಲ್‌ಪಿಯಲ್ಲಿ ಇದ್ದದ್ದು ಆರೇ ಹಾಡು. ಪಿಯಾನೊ ರಾಕ್‌ನಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ‘ಸಿಕ್ಸ್ಟಿ ಇಯರ್ಸ್ ಆನ್’ ಹಾಕಿಕೊಳ್ಳಿ. 1970ರ ಸ್ಟುಡಿಯೊ ಆಲ್ಬಮ್‌ನಲ್ಲಿ ಈ ಹಾಡಿಗೆ ಪಾಲ್ ಬಕ್‌ಮಾಸ್ಟರ್ ಹೆಣೆದ ತಂತಿವಾದ್ಯಗಳ ಮೇಳವಿತ್ತು. ಇಲ್ಲಿ ಅಷ್ಟೂ ಭಾರ ಮೂವರ ಮೇಲೆ. ಹೆಡ್‌ಫೋನ್‌ನಲ್ಲಿ ಬೇಸನ್ನೇ ಹಿಂಬಾಲಿಸಿ: ಮರ್ರಿ ಬರೀ ಮೂಲಸ್ವರ ಹಿಡಿದು ಕೂರುವುದಿಲ್ಲ, ಮೇಲಿನ ಸ್ವರಗಳಿಗೆ ಏರಿ ಗಿಟಾರ್ ಮಾಡಬೇಕಾದ ಕೆಲಸವನ್ನೂ ಮಾಡುತ್ತಾರೆ. ರೋಲಿಂಗ್ ಸ್ಟೋನ್ಸ್‌ನ ‘ಹಾಂಕಿ ಟಾಂಕ್ ವಿಮೆನ್’ ಅಪ್ಪಟ ಗಿಟಾರ್ ಹಾಡು. ಅದೂ ಇಲ್ಲಿ ಪಿಯಾನೊ ಮೇಲೆ ನಿಂತಿದೆ.

ಇನ್ನು ನಿಮ್ಮ ಸಪ್ಪೆಯ ವಿಚಾರ. ಡಿಸ್ಟಾರ್ಷನ್ (ಧ್ವನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಗಿಟಾರ್‌ನ ಸ್ವರ ಎಳೆದಷ್ಟು ನಿಲ್ಲುತ್ತದೆ. ಪಿಯಾನೊ ಸ್ವರ ಸುತ್ತಿಗೆ ಬಡಿದ ಕ್ಷಣದಿಂದಲೇ ಇಳಿಯತೊಡಗುತ್ತದೆ. ಹಾಗಾಗಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ಹಿಡಿದರೆ ಸಾಲದು, ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಬಡಿಯಬೇಕು. ಗಟ್ಟಿಯಾಗಿ ಕೇಳಲೆಂದು ಸ್ವರವನ್ನು ಮೊಳಗುತ್ತಲೇ ಇರಿಸುವ ಸಸ್ಟೇನ್ ಪೆಡಲ್ ತುಳಿದೇ ಇದ್ದರೆ ಎಲ್ಲ ಕಲಸಿಹೋಗುತ್ತದೆ. ಪ್ರತಿ ಕಾರ್ಡ್‌ಗೂ ಎತ್ತಿ ತುಳಿಯಿರಿ.

ಎಡಗೈಯದು ಇನ್ನೂ ದೊಡ್ಡ ತೊಂದರೆ. ಬೇಸ್ ಗಿಟಾರ್‌ನ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಕೀಬೋರ್ಡ್‌ನ ಎಡಗೈಯೂ ಅಲ್ಲೇ ತುಂಬು ಕಾರ್ಡ್ ಹಿಡಿದರೆ ಎರಡೂ ಗೊಜಗೊಜ. ಬೇಸ್ ಕೆಳಗಿರುವಾಗ ಎಡಗೈ ನಡು ‘ಸಿ’ (ಕೀಬೋರ್ಡ್‌ನ ಮಧ್ಯದ ‘ಸಿ’ ಸ್ವರ)ಗಿಂತ ಒಂದು ಸ್ಥಾಯಿ ಕೆಳಗಿನ ‘ಸಿ’ಯನ್ನು ದಾಟದಿರಲಿ. ಬೇಸ್ ಮೇಲೇರಿದಾಗ ಮಾತ್ರ ಕೆಳಗಿಳಿದು ಆಕ್ಟೇವ್ (ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ) ಹಿಡಿಯಿರಿ. ಆಮೇಲೂ ಮಬ್ಬಾಗಿದ್ದರೆ ಮಿಕ್ಸರ್‌ನ ಕೀಬೋರ್ಡ್ ಚಾನೆಲ್‌ನಲ್ಲಿ 250 ಹರ್ಟ್ಸ್ ಆಸುಪಾಸು 3 ಡೆಸಿಬೆಲ್ ತಗ್ಗಿಸಿ.

ಒಂದೇ ಆಂಪ್ಲಿಫೈಯರ್ ಇದ್ದರೆ ಸ್ಟೀರಿಯೊ ಪಿಯಾನೊದ ಎರಡೂ ಬದಿಗಳನ್ನು ಬೆರೆಸಬೇಡಿ, ಧ್ವನಿ ಟೊಳ್ಳಾಗಬಹುದು. ಬಹಳಷ್ಟು ಕೀಬೋರ್ಡ್‌ಗಳಲ್ಲಿ ಎಡ ಜ್ಯಾಕೇ ಮೋನೊ, ಅಂದರೆ ಒಂದೇ ಚಾನೆಲ್‌ನ ಧ್ವನಿಗೆ. ಅದೊಂದಕ್ಕೇ ಕೇಬಲ್ ಹಾಕಿ.

ಇದೇ ಆಲ್ಬಮ್‌ನ ಹದಿನೆಂಟು ನಿಮಿಷದ ‘ಬರ್ನ್ ಡೌನ್ ದ ಮಿಷನ್’ ಅನ್ನು ಸದ್ಯಕ್ಕೆ ಕೇಳಿ ಸಾಕು. ಅಭ್ಯಾಸವನ್ನು ಅದರದೇ ‘ಟೇಕ್ ಮಿ ಟು ದ ಪೈಲಟ್’ನಿಂದ ಶುರುಮಾಡಿ, ಮೊದಲ ವಾರ ಬೇಸ್ ಮತ್ತು ಎಡಗೈ ಇಬ್ಬರೇ ಕೂತು.