ಸೈಕಲ್ ಬಂದು ನಿಂತರೂ ಸಿಗ್ನಲ್ ಹಸಿರಾಗುವುದಿಲ್ಲವೇಕೆ?

ಪ್ರಶ್ನೆ: ನಾನು ದಿನವೂ ಬೆಳಗಿನ ಜಾವ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೇರುವ ಕಡೆ ಇರುವ ಸಿಗ್ನಲ್, ಹಿಂದೆ ಕಾರೊಂದು ಬಂದು ನಿಲ್ಲುವವರೆಗೂ ಹಸಿರಾಗುವುದಿಲ್ಲ. ಸೈಕಲ್‌ನ ತೂಕ ಸಾಲದು ಎಂದು ಒಬ್ಬರು ಹೇಳಿದರೆ, ಪೆಡಲ್‌ಗೆ ಅಯಸ್ಕಾಂತ ಅಂಟಿಸಿಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ನನ್ನ ಸೈಕಲ್‌ನ ಫ್ರೇಮ್ ಕಾರ್ಬನ್ ಫೈಬರ್‌ನದು. ನಿಜವಾದ ಕಾರಣವೇನು? ನಾನು ಏನು ಮಾಡಬಹುದು?

ಉತ್ತರ: ಇಲ್ಲಿ ತಪ್ಪು ನಿಮ್ಮದಲ್ಲ, ನಿಮ್ಮ ಸೈಕಲ್‌ನದೂ ಅಲ್ಲ. ವಾಹನ ಬಂದಾಗ ಮಾತ್ರ ಅಡ್ಡರಸ್ತೆಗೆ ಹಸಿರು ಕೊಡುವ ಸಿಗ್ನಲ್‌ಗಳು, ಯಾರೋ ಬಂದು ನಿಂತಿದ್ದಾರೆಂದು ತಿಳಿಯಲು ಹೆಚ್ಚಾಗಿ ರಸ್ತೆಯೊಳಗೆ ಹುದುಗಿಸಿದ ತಂತಿಯ ಸುರುಳಿಯನ್ನು ನೆಚ್ಚಿಕೊಂಡಿರುತ್ತವೆ. ಸ್ಟಾಪ್ ಲೈನ್‌ನ ಹಿಂದೆ ಡಾಂಬರನ್ನು ಕಿರಿದಾಗಿ ಕೊಯ್ದು, ಆ ಸೀಳಿನಲ್ಲಿ ತಂತಿಯನ್ನು ಕೆಲವು ಸುತ್ತು ಹಾಕಿ, ಮೇಲೆ ಕಪ್ಪು ಅಂಟು ತುಂಬಿರುತ್ತಾರೆ. ರಸ್ತೆಬದಿಯ ಪೆಟ್ಟಿಗೆಯಲ್ಲಿರುವ ಉಪಕರಣ ಸಾಮಾನ್ಯವಾಗಿ 10ರಿಂದ 200 ಕಿಲೋಹರ್ಟ್ಸ್ ನಡುವಿನ ಆವರ್ತನದ ವಿದ್ಯುತ್ತನ್ನು ಈ ತಂತಿಯಲ್ಲಿ ಹರಿಸುವುದರಿಂದ ಸುರುಳಿಯ ಸುತ್ತ ಕಾಂತಕ್ಷೇತ್ರ ಏರ್ಪಡುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ಲೋಹ ಆ ಕ್ಷೇತ್ರದೊಳಗೆ ಬಂದಾಗ, ಲೋಹದಲ್ಲಿ ಸುಳಿಪ್ರವಾಹಗಳು (ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು) ಹುಟ್ಟಿ ಮೂಲ ಕ್ಷೇತ್ರವನ್ನು ಸ್ವಲ್ಪ ಕುಗ್ಗಿಸುತ್ತವೆ. ಸುರುಳಿಯ ಪ್ರೇರಕತ್ವ, ಎಂದರೆ ತನ್ನಲ್ಲಿ ಹರಿಯುವ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ, ಇಳಿದು ಆವರ್ತನ ಏರುತ್ತದೆ. ಆ ಬದಲಾವಣೆ ನಿಗದಿತ ಮಿತಿಯನ್ನು ದಾಟಿದರೆ ಮಾತ್ರ ಉಪಕರಣ ವಾಹನ ಬಂದಿದೆ ಎಂದು ಸಿಗ್ನಲ್‌ಗೆ ತಿಳಿಸುತ್ತದೆ.

ಇದರಲ್ಲಿ ತೂಕಕ್ಕೆ ಯಾವ ಪಾತ್ರವೂ ಇಲ್ಲ. ಅಯಸ್ಕಾಂತವೂ ಪ್ರಯೋಜನಕ್ಕೆ ಬರುವುದಿಲ್ಲ. ಉಪಕರಣ ಅಳೆಯುವುದು ಸುರುಳಿಯ ಪ್ರೇರಕತ್ವವನ್ನೇ ಹೊರತು, ಹೊರಗಿನಿಂದ ತಂದ ಸ್ಥಿರ ಕಾಂತಕ್ಷೇತ್ರವನ್ನಲ್ಲ. ಇದಕ್ಕೆಂದೇ ಮಾರುವ ಅಯಸ್ಕಾಂತಗಳಿಗೆ ದಯವಿಟ್ಟು ಹಣ ಕೊಡಬೇಡಿ. ಕಬ್ಬಿಣವೇ ಬೇಕು ಎಂಬುದೂ ತಪ್ಪು ತಿಳಿವಳಿಕೆ. ಅಲ್ಯೂಮಿನಿಯಂ ವಿದ್ಯುತ್ತಿಗೆ ಒಳ್ಳೆಯ ವಾಹಕವಾದ್ದರಿಂದ ಅದರ ರಿಮ್ ಈ ಕೆಲಸವನ್ನು ಸೊಗಸಾಗಿಯೇ ಮಾಡುತ್ತದೆ. ನಿಮ್ಮ ರಿಮ್‌ಗಳು ಅಲ್ಯೂಮಿನಿಯಂನವಾಗಿದ್ದರೆ ಫ್ರೇಮ್ ಕಾರ್ಬನ್ ಆಗಿರುವುದರಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ರಿಮ್‌ಗಳೂ ಕಾರ್ಬನ್‌ನವಾಗಿದ್ದರೆ ಮಾತ್ರ ಕಷ್ಟ, ಏಕೆಂದರೆ ಲೋಹದ ಹೋಲಿಕೆಯಲ್ಲಿ ಕಾರ್ಬನ್ ಫೈಬರ್ ಬಹಳ ದುರ್ಬಲ ವಾಹಕ.

ಹಾಗಾದರೆ ಅಲ್ಯೂಮಿನಿಯಂ ರಿಮ್ ಇರುವವರಿಗೂ ಹಸಿರು ಸಿಗದಿರುವುದೇಕೆ? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ, ಅವರು ನಿಲ್ಲುವ ಜಾಗದಲ್ಲಿದೆ. ಕಾರಿನ ತಳ ನೆಲಕ್ಕೆ ಸಮಾನಾಂತರವಾಗಿ ಹರಡಿಕೊಂಡಿರುತ್ತದೆ; ಸುರುಳಿಯ ನಡುವಿನಿಂದ ನೇರ ಮೇಲಕ್ಕೇಳುವ ಕ್ಷೇತ್ರರೇಖೆಗಳಿಗೆ ಅದು ಪೂರ್ತಿ ಎದುರಾಗುತ್ತದೆ. ಸೈಕಲ್‌ನ ಚಕ್ರವಾದರೋ ನೆಟ್ಟಗೆ ನಿಂತಿರುವುದರಿಂದ, ಸುರುಳಿಯ ನಡುವೆ ನಿಂತಾಗ ಆ ರೇಖೆಗಳು ಚಕ್ರದ ಪಕ್ಕದಲ್ಲೇ ಜಾರಿ ಮೇಲಕ್ಕೆ ಹೋಗುತ್ತವೆ, ಅದರೊಳಗೆ ಹಾಯುವುದಿಲ್ಲ. ತಂತಿಯ ನೇರ ಮೇಲ್ಗಡೆ ಪರಿಸ್ಥಿತಿ ಬೇರೆ. ಅಲ್ಲಿ ರೇಖೆಗಳು ತಂತಿಯನ್ನು ಬಳಸಿ ಅಡ್ಡಲಾಗಿ ಹೋಗುತ್ತವೆ. ತಂತಿಯ ಉದ್ದಕ್ಕೂ ಚಕ್ರಗಳನ್ನು ನಿಲ್ಲಿಸಿದರೆ, ಬಳೆಯೊಳಗೆ ದಾರ ಹಾಯ್ದಂತೆ ಅವು ರಿಮ್‌ನೊಳಗೆ ಹಾಯ್ದು ಹೋಗುತ್ತವೆ. ಲೇನ್‌ನ ನಡುಮಧ್ಯೆ ಶಿಸ್ತಾಗಿ ನಿಲ್ಲುವ ಸವಾರನೇ ಹೆಚ್ಚು ಹೊತ್ತು ಕಾಯಬೇಕಾಗಿ ಬರುವುದು ಈ ಕಾರಣಕ್ಕೆ.

ಆದ್ದರಿಂದ ಸ್ಟಾಪ್ ಲೈನ್ ತಲುಪುವ ಮೊದಲೇ ರಸ್ತೆಯ ಮೇಲಿನ ಸೀಳುಗಳನ್ನು ಗಮನಿಸುವುದನ್ನು ರೂಢಿಸಿಕೊಳ್ಳಿ. ಒಂದೇ ಚೌಕವಿದ್ದರೆ, ನೀವು ಸಾಗುವ ದಿಕ್ಕಿಗೆ ಸಮಾನಾಂತರವಾದ ಎಡ ಅಥವಾ ಬಲಗಡೆಯ ಗೆರೆಯ ಮೇಲೆ ಎರಡೂ ಚಕ್ರಗಳು ಬರುವಂತೆ ನಿಲ್ಲಿ. ವೃತ್ತಾಕಾರವಾಗಿದ್ದರೆ ಅದರ ಎಡ ಅಥವಾ ಬಲ ಅಂಚನ್ನು ಹಿಡಿಯಿರಿ. ಎರಡು ಆಯತಗಳು ಪಕ್ಕಪಕ್ಕ ಅಂಟಿಕೊಂಡಂತೆ ಕಂಡರೆ ನಡುವಿನ ಗೆರೆಯೇ ಒಳ್ಳೆಯದು. ಎರಡೂ ಭಾಗಗಳ ತಂತಿಗಳಲ್ಲಿ ಪ್ರವಾಹ ಅಲ್ಲಿ ಒಂದೇ ದಿಕ್ಕಿಗೆ ಹರಿಯುವುದರಿಂದ ಕ್ಷೇತ್ರ ಅತ್ಯಂತ ಬಲವಾಗಿರುತ್ತದೆ. ಓರೆ ಗೆರೆಗಳಿರುವ ಸುರುಳಿಗಳು ಸೈಕಲ್, ಮೋಟಾರ್‌ಸೈಕಲ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದವು, ಅವುಗಳ ಮೇಲೆ ಹೆಚ್ಚುಕಡಿಮೆ ಎಲ್ಲಿ ನಿಂತರೂ ಆಗುತ್ತದೆ. ಅಮೆರಿಕದಲ್ಲಿ ಇಂಥ ಜಾಗವನ್ನು ತೋರಿಸಲು ಸೈಕಲ್ ಸವಾರನ ಚಿತ್ರವನ್ನೂ, ಅದರ ಮೇಲೂ ಕೆಳಗೂ ಒಂದೊಂದು ನೆಟ್ಟನೆಯ ಗೆರೆಯನ್ನೂ ರಸ್ತೆಯ ಮೇಲೆ ಬಿಡಿಸುವ ಪದ್ಧತಿಯಿದೆ. ಸುರುಳಿ ಹುದುಗಿಸುವ ಪ್ರತಿಯೊಂದು ಕಡೆಯೂ ಈ ಸುಲಭದ ಕೆಲಸವನ್ನು ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸರಿಯಾದ ಜಾಗ ಹಿಡಿದ ಮೇಲೆ ಹಸಿರು ಬರುವವರೆಗೂ ಅಲ್ಲಿಂದ ಕದಲಬೇಡಿ. ಅನೇಕ ಸಿಗ್ನಲ್‌ಗಳಲ್ಲಿ, ವಾಹನ ಸುರುಳಿಯಿಂದ ಆಚೆ ಸರಿದರೆ ಅದರ ಕೋರಿಕೆಯೂ ರದ್ದಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ರಸ್ತೆಯ ಮೇಲೆ ಸೀಳೇ ಕಾಣುವುದಿಲ್ಲ, ಕಂಬದ ಮೇಲೆ ಕ್ಯಾಮೆರಾ ಇದೆ. ಅದಕ್ಕೂ ಇದೇ ನಿಯಮವೇ?

ಉತ್ತರ: ಅಲ್ಲ. ಮೊದಲು ಒಂದು ಎಚ್ಚರಿಕೆ: ಹೊಸ ಡಾಂಬರಿನ ಕೆಳಗೆ ಹಳೆಯ ಸುರುಳಿ ಇನ್ನೂ ಕೆಲಸ ಮಾಡುತ್ತಿರಬಹುದು. ನಿಜವಾಗಿಯೂ ಕ್ಯಾಮೆರಾ ಆಧಾರಿತ ವ್ಯವಸ್ಥೆಯಾಗಿದ್ದರೆ, ಅದು ಚಿತ್ರದಲ್ಲಿ ಗುರುತಿಸಿಟ್ಟ ಒಂದು ವಲಯದೊಳಗೆ ಆಗುವ ಬದಲಾವಣೆಯನ್ನು ನೋಡುತ್ತದೆ; ಲೋಹದ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಸ್ಟಾಪ್ ಲೈನ್‌ನ ಹಿಂದೆ, ಲೇನ್‌ನ ಮಧ್ಯಭಾಗದಲ್ಲಿ ನಿಂತರೆ ಸಾಮಾನ್ಯವಾಗಿ ಆ ವಲಯದೊಳಗೇ ಇರುತ್ತೀರಿ. ಕತ್ತಲಲ್ಲಿ, ಮಂಜಿನಲ್ಲಿ, ಜೋರು ಮಳೆಯಲ್ಲಿ ಕ್ಯಾಮೆರಾ ಸೋಲುವುದುಂಟು. ಮುಂದಿನ ದೀಪ ಬೆಳಗುತ್ತಿದ್ದರೆ ನೆರವಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ಹಸಿರು ಬಾರದಿದ್ದರೆ ಕೆಂಪು ದೀಪವನ್ನು ದಾಟಬಹುದೇ? ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ?

ಉತ್ತರ: ದಾಟಬಹುದೇ ಎಂಬುದು ಆಯಾ ಪ್ರದೇಶದ ಕಾನೂನನ್ನು ಅವಲಂಬಿಸಿದೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಪೂರ್ತಿ ನಿಂತು, ಸಮಂಜಸವಾದ ಹೊತ್ತನ್ನು ಮೀರಿ ಕಾದು, ಅಪಾಯವಾಗುವಷ್ಟು ಹತ್ತಿರದಲ್ಲಿ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ದಾಟಿದ ಸೈಕಲ್ ಸವಾರನಿಗೆ, ಸಿಗ್ನಲ್ ತನ್ನನ್ನು ಗುರುತಿಸಲಿಲ್ಲ ಎಂದು ವಾದಿಸುವ ಅವಕಾಶವನ್ನು ಕಾನೂನೇ ನೀಡಿದೆ. ಕ್ಯಾಲಿಫೋರ್ನಿಯಾ ಹೊಣೆಯನ್ನು ರಸ್ತೆ ಆಡಳಿತದ ಮೇಲೆ ಹೊರಿಸಿತು: ವಾಹನ ಬಂದಾಗ ಹಸಿರಾಗುವ ಸಿಗ್ನಲ್‌ಗಳನ್ನು ಹೊಸದಾಗಿ ಹಾಕುವಾಗ ಅಥವಾ ಸುರುಳಿ ಬದಲಿಸುವಾಗ ಸಾಧ್ಯವಾದಮಟ್ಟಿಗೆ ಸೈಕಲ್‌ಗಳನ್ನೂ ಗುರುತಿಸುವಂತೆ ಮಾಡಬೇಕೆಂಬ ನಿಯಮ ಅಲ್ಲಿ 2008ರಿಂದ ಜಾರಿಯಲ್ಲಿದೆ. ಇದೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ. ನಿಮ್ಮಲ್ಲಿ ಇಂಥ ವಿನಾಯಿತಿ ಇಲ್ಲದಿದ್ದರೆ, ಸೈಕಲ್‌ನಿಂದ ಇಳಿದು, ಪಾದಚಾರಿಗಳ ಗುಂಡಿ ಒತ್ತಿ, ತಳ್ಳಿಕೊಂಡು ದಾಟುವುದೇ ಕ್ಷೇಮ.

ದೂರು ಖಂಡಿತ ಕೊಡಿ. ಸುರುಳಿ ಕೆಟ್ಟಿರದಿದ್ದರೆ, ತಂತ್ರಜ್ಞರು ಪೆಟ್ಟಿಗೆ ತೆರೆದು ಉಪಕರಣದ ಸೂಕ್ಷ್ಮತೆಯನ್ನು ಒಂದು ಹಂತ ಏರಿಸುವುದರಿಂದಲೇ ತೊಂದರೆ ನೀಗುವುದುಂಟು. ವಿಪರೀತ ಏರಿಸಿದರೆ ಪಕ್ಕದ ಲೇನ್‌ನ ವಾಹನಗಳೂ ಲೆಕ್ಕಕ್ಕೆ ಬರುತ್ತವೆ ಎಂಬ ಅವರ ಆಕ್ಷೇಪದಲ್ಲಿ ನಿಜವಿದೆ, ಆದರೆ ಸೈಕಲ್ ಇಟ್ಟು ಪರೀಕ್ಷಿಸಿ ಹೊಂದಿಸಿದರೆ ಎರಡಕ್ಕೂ ಒಪ್ಪುವ ಮಟ್ಟ ಹೆಚ್ಚಾಗಿ ಸಿಗುತ್ತದೆ. ಸಿಗ್ನಲ್ ಕೆಟ್ಟಿದೆ ಎಂದಷ್ಟೇ ಬರೆದರೆ, ಬಂದವರು ಕಾರು ನಿಲ್ಲಿಸಿ ನೋಡಿ, ಸರಿಯಾಗಿದೆ ಎಂದು ಹಿಂತಿರುಗಿಬಿಡುತ್ತಾರೆ. ಯಾವ ಕೂಡುರಸ್ತೆ, ಯಾವ ದಿಕ್ಕಿನಿಂದ ಬಂದಿರಿ, ಯಾವ ಲೇನ್, ಎಷ್ಟು ಗಂಟೆಗೆ, ಗೆರೆಯ ಮೇಲೆ ನಿಂತಿದ್ದಿರೋ ನಡುವೆಯೋ, ರಿಮ್ ಯಾವ ಲೋಹದ್ದು, ಸಿಗ್ನಲ್ ಎಷ್ಟು ಸಲ ನಿಮ್ಮ ಸರದಿಯನ್ನು ಬಿಟ್ಟು ಮುಂದೆ ಹೋಯಿತು ಎಂಬುದನ್ನೆಲ್ಲ ತಿಳಿಸಿ. ಅದೇ ಪತ್ರದಲ್ಲಿ ಹಸಿರಿನ ಕನಿಷ್ಠ ಅವಧಿಯ ಬಗ್ಗೆಯೂ ಕೇಳಿ. ನಿಂತಲ್ಲಿಂದ ಹೊರಟು ಅಗಲವಾದ ರಸ್ತೆಯನ್ನು ದಾಟಲು ಸೈಕಲ್‌ಗೆ ಕಾರಿಗಿಂತ ಹೆಚ್ಚು ಸೆಕೆಂಡುಗಳು ಬೇಕು. ಕಾರಿನ ವೇಗಕ್ಕೆ ಅಳೆದಿಟ್ಟ ಹಸಿರು ದೊರೆತರೆ ನೀವು ರಸ್ತೆಯ ನಡುವೆ ಇರುವಾಗಲೇ ಮುಖ್ಯರಸ್ತೆಯ ವಾಹನಗಳಿಗೆ ಹಸಿರು ಬಂದಿರುತ್ತದೆ.