ಹಳ್ಳಕ್ಕೆ ಜೆಸಿಬಿ ಇಳಿಸುವ ಮುಂಚೆ ಒಂದು ಕಲ್ಲು ಎತ್ತಿ ನೋಡಿ

ಜನವರಿ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಹಳ್ಳದ ನೀರು ಇಳಿಯುತ್ತದೆ, ತಳದ ಕಲ್ಲು ಕಾಣುತ್ತದೆ, ಎಲ್ಲರಿಗೂ ಅದನ್ನು ರಿಪೇರಿ ಮಾಡುವ ಆಸೆ ಹುಟ್ಟುತ್ತದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವವನಿದ್ದೇನೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಪಕ್ಕ ಹತ್ತು ಅಡಿ ಅಗಲದ ಹಳ್ಳವಿದೆ. ಒಂದು ಕಡೆ ನೀರು ಕಲ್ಲಿನ ಮೇಲೆ ತೆಳ್ಳಗೆ ಓಡುತ್ತದೆ, ಮುಂದೆ ಗುಂಡಿ, ಮತ್ತೆ ಕಲ್ಲು. ಜೆಸಿಬಿ ತರಿಸಿ ಕಲ್ಲೆಲ್ಲ ತೆಗೆದು ಒಂದೇ ದೊಡ್ಡ ಗುಂಡಿ ಮಾಡಿಸಿದರೆ ಬೇಸಿಗೆಗೆ ನೀರು ನಿಲ್ಲುತ್ತದೆ ಅಲ್ವಾ? ತೆಂಗಿನಕಾಯಿ ಹಿಡಿದು ನೀರು ನೋಡುವವರು ಜಾಗ ಗುರುತು ಮಾಡಿದ್ದಾರೆ.

ಕಣ್ಣೆದುರೇ ಹರಿಯುವ ನೀರನ್ನು ತೋರಿಸಿ ದುಡ್ಡು ತಗೊಂಡವರನ್ನು ಮೆಚ್ಚಲೇಬೇಕು. ಇನ್ನು ಗುಂಡಿ. ಹಳ್ಳ ತನಗೆ ಬೇಕಾದ ಕಡೆ ಗುಂಡಿ ತೋಡಿಕೊಳ್ಳುತ್ತದೆ, ನಿಮಗೆ ಬೇಕಾದ ಕಡೆ ಅಲ್ಲ. ಇಳಿಜಾರು ತೀರಾ ಜಾಸ್ತಿ ಇಲ್ಲದ ಹಳ್ಳಗಳಲ್ಲಿ ಒಂದು ಗುಂಡಿಯಿಂದ ಮುಂದಿನದಕ್ಕೆ ಸುಮಾರಾಗಿ ಅಗಲದ ಐದರಿಂದ ಏಳು ಪಟ್ಟು ದೂರ ಇರುತ್ತದೆ. ನಿಮ್ಮ ಹಳ್ಳದಲ್ಲಿ ಐವತ್ತರಿಂದ ಎಪ್ಪತ್ತು ಅಡಿ. ಟೇಪ್ ಹಿಡಿದು ಅಳೆದು ನೋಡಿ. ಘಟ್ಟದ ಕಡಿದಾದ, ಬಂಡೆ ತುಂಬಿದ ತೊರೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇನ್ನೂ ಹತ್ತಿರ ಬರುತ್ತವೆ.

ಬೇಸಿಗೆಯಲ್ಲಿ ಕಲ್ಲಿನ ಮೇಲೆ ನೀರು ಜೋರು, ಗುಂಡಿಯಲ್ಲಿ ನಿಧಾನ. ಇದು ಎಲ್ಲರಿಗೂ ಕಾಣುತ್ತದೆ. ಜುಲೈನಲ್ಲಿ ಹಳ್ಳ ಕೆಂಪಾಗಿ ತುಂಬಿ ಬಂದಾಗ ಅನೇಕ ಕಡೆ ಲೆಕ್ಕ ತಿರುಗುತ್ತದೆ: ಗುಂಡಿಯ ತಳದಲ್ಲೇ ಸೆಳೆತ ಜಾಸ್ತಿಯಾಗಿ ಅಲ್ಲಿನ ಮರಳು, ಜಲ್ಲಿ ಎದ್ದು ಹೋಗುತ್ತದೆ, ದಪ್ಪ ಕಲ್ಲುಗಳು ಮುಂದಿನ ಹರಿವಿನಲ್ಲಿ, ಅಂದರೆ ನೀರು ಕಲ್ಲಿನ ಮೇಲೆ ತೆಳ್ಳಗೆ ಓಡುವ ಕಡೆ, ಬಂದು ಕೂರುತ್ತವೆ. ಹೀಗೆ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಜೆಸಿಬಿ ತೋಡಿದ ಜಾಗದಲ್ಲಿ ಈ ಸೆಳೆತ ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಅದು ಮರಳು ತುಂಬಿ ಮುಚ್ಚುತ್ತದೆ, ಕಲ್ಲು ಕಿತ್ತ ಕಡೆ ದಡ ಕುಸಿಯಲು ಶುರುವಾಗುತ್ತದೆ, ಆಮೇಲೆ ನಿಮ್ಮ ಅಡಿಕೆ ಮರವೇ ಹಳ್ಳಕ್ಕೆ ಬೀಳುತ್ತದೆ. ಆಗಲೂ ನನಗೇ ಫೋನು.

ಈಗ ನೀವು ಕೇಳದೇ ಬಿಟ್ಟ ವಿಷಯ. ಆ ಕಲ್ಲು ಬರೀ ಕಲ್ಲಲ್ಲ. ಹರಿವಿನಿಂದ ಅಂಗೈ ಅಗಲದ ಒಂದನ್ನು ಮೆಲ್ಲಗೆ ಎತ್ತಿ ತಿರುಗಿಸಿ. ಚಪ್ಪಟೆ ಮೈಯ ಹುಳುವೊಂದು ಸರಕ್ಕನೆ ಅಂಚು ದಾಟಿ ಮತ್ತೊಂದು ಮಗ್ಗುಲಿಗೆ ಓಡುತ್ತದೆ, ಬಾಲಕ್ಕೆ ಸಾಮಾನ್ಯವಾಗಿ ಮೂರು ಎಳೆ, ಹೊಟ್ಟೆಯ ಎರಡೂ ಬದಿಗೆ ಕಿವಿರು. ಅದು ಮೇಫ್ಲೈ ಮರಿ. ಎರಡೇ ಎಳೆ ಇದ್ದು ಕಾಲಿಗೆ ಎರಡೆರಡು ಉಗುರಿದ್ದರೆ ಸ್ಟೋನ್‌ಫ್ಲೈ ಮರಿ. ಪುಟ್ಟ ಕಂದು ನಾಣ್ಯದ ಹಾಗೆ ಅಂಟಿಕೊಂಡು ಉಗುರಿನಲ್ಲಿ ಎಬ್ಬಿಸಿದರೂ ಏಳದಿರುವುದು ಒಂದು ಜಾತಿಯ ದುಂಬಿಯ ಮರಿ. ಎರಡು ಕಲ್ಲಿನ ಸಂದಿಯಲ್ಲಿ ಸಣ್ಣ ರೇಷ್ಮೆ ಬಲೆ ಕಂಡರೆ ಅದರ ಬಾಯಿ ಯಾವ ಕಡೆಗಿದೆ ನೋಡಿ, ಮೇಲಿನಿಂದ ಬರುವ ನೀರಿನ ಕಡೆಗೇ ಇರುತ್ತದೆ. ಕ್ಯಾಡಿಸ್ ಹುಳು ಅಲ್ಲಿ ಕೂತು ತೇಲಿ ಬಂದದ್ದನ್ನು ಸೋಸಿ ತಿನ್ನುತ್ತದೆ. ಇವುಗಳಲ್ಲಿ ಅನೇಕಕ್ಕೆ ಓಡುವ ನೀರೇ ಉಸಿರು. ನಿಂತ ನೀರಿಗೆ ಹಾಕಿದರೆ ಬದುಕುವುದಿಲ್ಲ. ನೋಡಿ ಆಯಿತಾ? ಕಲ್ಲನ್ನು ಇದ್ದ ಹಾಗೆಯೇ ವಾಪಸ್ ಇಡಿ.

ಗುಂಡಿಯಲ್ಲಿ ಬೇರೆ ಸಂಸಾರ. ಮರಳಲ್ಲಿ ಹೂತುಕೊಂಡ ಏರೋಪ್ಲೇನ್ ಚಿಟ್ಟೆಯ ಮರಿ, ಕೊಳೆತ ಎಲೆಯ ಕೆಳಗೆ ಏಡಿ, ಎಲೆಯನ್ನು ತುಂಡು ಕತ್ತರಿಸಿ ಅದರ ನಡುವೆ ಮನೆ ಮಾಡಿಕೊಂಡ ಇನ್ನೊಂದು ಕ್ಯಾಡಿಸ್. ಏಪ್ರಿಲ್‌ನಲ್ಲಿ ಮೀನೆಲ್ಲ ಬಂದು ಸೇರುವುದೂ ಇಲ್ಲೇ, ಆದರೆ ಅವುಗಳ ಊಟದ ದೊಡ್ಡ ಪಾಲು ಮೇಲಿನ ಹರಿವಿನಿಂದ ತೇಲಿ ಬರಬೇಕು. ಘಟ್ಟದ ಊರು ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ, 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ವಿವರಿಸಿದ ಕುಣಿಯುವ ಕಪ್ಪೆಯ ಬಳಗವಂತೂ ಹಳ್ಳದ ತಳವನ್ನೇ ನಂಬಿಕೊಂಡಿದೆ. ಹೆಣ್ಣು ಹಿಂಗಾಲಲ್ಲಿ ತಳ ಕೆದರಿ ಮೊಟ್ಟೆ ಹೂಳುತ್ತದೆ. ಜೆಸಿಬಿಯ ಬಕೆಟ್ಟಿಗೆ ಇದೆಲ್ಲ ಗೊತ್ತಾಗುತ್ತದಾ?

ನೀರು ಬೇಕೇ ಬೇಕು ಎಂದರೆ ಹಿರಿಯರು ಮಾಡುತ್ತಿದ್ದ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಿ. ಮಳೆ ಪೂರ್ತಿ ನಿಂತ ಮೇಲೆ ಕಟ್ಟಬೇಕು, ಮುಂಗಾರಿಗೆ ಮುಂಚೆ ಬಿಡಿಸಬೇಕು, ಮೇಲಿನಿಂದ ಒಂದಿಷ್ಟು ನೀರು ಸದಾ ಕೆಳಗೆ ದಾಟುತ್ತಿರಬೇಕು. ಅದಕ್ಕೆ ಹರಿವಿನ ಕಲ್ಲನ್ನೇ ಕಿತ್ತು ತರಬೇಡಿ. ಪಂಪು ಗುಂಡಿಯಲ್ಲಿ ಇಟ್ಟಿದ್ದೀರಿ, ಸರಿ, ಆದರೆ ಕೆಳಗಿನ ಹರಿವು ಒಣಗುವಷ್ಟು ನೀರು ಎತ್ತಬೇಡಿ. ದಡದ ಹೊಳೆಮತ್ತಿ, ವಾಟೆ, ಮುಂಡಿಗೆ ಹಾಗೇ ಇರಲಿ. ನೀರಿಗೆ ಅಡ್ಡ ಬಿದ್ದ ಮರವೂ ಇರಲಿ, ನೋಡಲು ಚೆಂದ ಇಲ್ಲ ಅಂತ ಎಳೆಸಬೇಡಿ. ಮತ್ತೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ಮು ತೊಳೆಯಲು ಹಳ್ಳಕ್ಕೆ ಒಯ್ಯುತ್ತೀರಲ್ಲ, ಅದನ್ನು ಈ ವರ್ಷವೇ ನಿಲ್ಲಿಸಿ. ಅದರಲ್ಲಿರುವ ಮೈಲುತುತ್ತ ಮೀನಿಗೂ ಹುಳುವಿಗೂ ವಿಷ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ. ಕಲ್ಲಿನ ಕೆಳಗೆ ಹುಳು ಇವೆ, ನೀರು ಕೆಟ್ಟಿದೆಯಾ? ಮೇಲೆ ಹೇಳಿದ ಹುಳುಗಳಾದರೆ ಖುಷಿಪಡಿ. ಆದರೂ ಕುಡಿಯುವ ನೀರು ಕುದಿಸಲೇಬೇಕು, ಮೇಲೆ ದನ ಮೀಯುತ್ತಿದ್ದರೆ ಮೇಫ್ಲೈ ಬಂದು ನಿಮಗೆ ಹೇಳುವುದಿಲ್ಲ.

ಸೊಳ್ಳೆ ಮರಿ ತಿನ್ನಲಿ ಅಂತ ಹಳ್ಳದ ಗುಂಡಿಗೆ ಗಪ್ಪಿ ಮೀನು ಬಿಡಲಾ? ಬೇಡ. ಮನೆ ಹಿಂದಿನ ಟಯರು, ಅಡಿಕೆ ಹಾಳೆ, ತೆಂಗಿನ ಚಿಪ್ಪು ಬೋರಲು ಹಾಕಿ.

ನೀರು ಶುದ್ಧಿಗೆ ಜೀವಾಣು ದ್ರಾವಣ ಮಾರುತ್ತಿದ್ದಾರೆ, ಲೀಟರ್‌ಗಟ್ಟಲೆ ಸುರಿಯಬೇಕಂತೆ? ಹರಿಯುವ ನೀರಿಗೆ ಸುರಿದದ್ದು ಹತ್ತು ನಿಮಿಷದಲ್ಲಿ ಪಕ್ಕದ ತೋಟದಲ್ಲಿರುತ್ತದೆ. ದುಡ್ಡೂ ಅದರ ಹಿಂದೆಯೇ.

ಹಳ್ಳದ ಏಡಿಯನ್ನು ಹಸಿಯಾಗಿ ಅರೆದು ರಸ ಕುಡಿದರೆ ಕೆಮ್ಮು ಹೋಗುತ್ತದಂತೆ? ಹೋಗುವುದಿಲ್ಲ, ಬರಬಹುದು. ಈಶಾನ್ಯ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಏಡಿಯಿಂದ ಶ್ವಾಸಕೋಶಕ್ಕೆ ಪರೋಪಜೀವಿ ಹುಳು ಸೇರಿ, ಕಫದಲ್ಲಿ ರಕ್ತ ಬಂದು, ಕ್ಷಯ ಎಂದೇ ತಪ್ಪಾಗಿ ಮಾತ್ರೆ ನುಂಗಿದವರಿದ್ದಾರೆ. ಚೆನ್ನಾಗಿ ಬೇಯಿಸಿ ಸಾರು ಮಾಡಿ. ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಿ, ಈ ರಸ ಕುಡಿಯಲು ಹೇಳುವ ಪಂಡಿತರ ಹತ್ತಿರ ಅಲ್ಲ.

ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುವುದು ನೈಸರ್ಗಿಕ ಅಲ್ವಾ ಸಾರ್? ಹಾವಿನ ವಿಷವೂ ನೈಸರ್ಗಿಕವೇ. ಗಾಳ ಹಾಕಿ.