ಸಂಪಾದಕರ ಉತ್ತರ: ವಿದ್ಯುತ್ತು ಬೆರಳನ್ನು ಎತ್ತಿಸೀತು, ಮಾತನ್ನು ಆಡಿಸಲಾರದು

ಇಳಕಲ್ಲಿನ ಶಿಕ್ಷಕಿಯೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಮಗೆ ಪತ್ರ ಬರೆದಿದ್ದಾರೆ. ಅವರ ತಂದೆ ಮಗ್ಗದ ಕೆಲಸದವರು. ಕಳೆದ ವರ್ಷ ಲಕ್ವಾ ಹೊಡೆದು ಬಲಗೈ ಸೋತಿದೆ, ಮಾತು ಬಹುಮಟ್ಟಿಗೆ ನಿಂತಿದೆ. ನೀರು ಬೇಕೆಂದು ಕೇಳಲಾರದ ಅವರು ಸೋಮವಾರದ ಭಜನೆಗೆ ಕುಳಿತರೆ ಎಲ್ಲರ ಜೊತೆ ಪದ ತಪ್ಪದೆ ಹಾಡುತ್ತಾರೆ. ಪುಣೆಯಲ್ಲಿರುವ ತಮ್ಮ, ಮೆದುಳಿಗೆ ಕಾಂತ ಪ್ರಚೋದನೆ ಕೊಡುವ ಕೇಂದ್ರವೊಂದರ ಜಾಹೀರಾತನ್ನು ನೋಡಿದ್ದಾನೆ. ಚಿಕಿತ್ಸೆಗೆ ಮುಂಚೆ ನೀಲಿಯಾಗಿದ್ದ ಮೆದುಳು ಆಮೇಲೆ ಕೆಂಪಗೆ ಹೊಳೆಯುವ ಚಿತ್ರಗಳನ್ನು ಕಳುಹಿಸಿ, ಮನೆಯ ಮೇಲೆ ಸಾಲ ಎತ್ತಿಯಾದರೂ ಅಪ್ಪನನ್ನು ಅಲ್ಲಿಗೆ ಕರೆದೊಯ್ಯೋಣ ಎನ್ನುತ್ತಿದ್ದಾನೆ. "ನಾನು ದಿನಾ ಸಂಜೆ ಚಿತ್ರ ತೋರಿಸಿ ಅಪ್ಪನನ್ನು ಮಾತಾಡಿಸುತ್ತೇನೆ. ತಮ್ಮ ಅದನ್ನು ಸಾಲಿ ಆಟ ಎಂದು ನಗುತ್ತಾನೆ. ವಿಜ್ಞಾನ ನಮ್ಮಿಬ್ಬರಲ್ಲಿ ಯಾರ ಕಡೆಗಿದೆ?" ಎಂಬುದು ಅವರ ಪ್ರಶ್ನೆ.

ಅಕ್ಕಾವರೇ, ಇಂಥ ಪ್ರಶ್ನೆ ಬಂದಾಗ ಎರಡೂ ಕಡೆ ತಲೆಯಾಡಿಸಿ ಪಾರಾಗುವುದು ಸಂಪಾದಕರ ಹಳೆಯ ಅಭ್ಯಾಸ. ಈ ವಿಷಯದಲ್ಲಿ ನನಗೆ ಅದು ಸಾಧ್ಯವಿಲ್ಲ. ನಾನು ನಿಮ್ಮ ಸಾಲಿ ಆಟದ ಕಡೆಗಿದ್ದೇನೆ, ಅದಕ್ಕೆ ಕಾರಣಗಳೂ ಇವೆ.

ತಮ್ಮನಿಗೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಕಾಂತ ಪ್ರಚೋದನೆ ಮಾಟ-ಮಂತ್ರವಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಯ ಸುರುಳಿಯನ್ನು ಹಿಡಿದು, ಕ್ಷಣಮಾತ್ರದ ಕಾಂತಕ್ಷೇತ್ರದಿಂದ ಮೆದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಹುಟ್ಟಿಸಿ, ಕೈಬೆರಳು ತಾನಾಗಿ ಅಲುಗುವಂತೆ ಮಾಡಿ ತೋರಿಸಿದರು. ಖಿನ್ನತೆಯ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಿಂದ ಇದಕ್ಕೆ ಅನುಮತಿ ಇದೆ. ಮಾತು ಕಳೆದುಕೊಂಡವರ ವಿಷಯದಲ್ಲಿಯೂ 2005ರಲ್ಲಿ ಬಾಸ್ಟನ್ನಿನ ಸಂಶೋಧಕರು ಬಲಮೆದುಳಿನ ಒಂದು ಭಾಗವನ್ನು ನಿಧಾನಗತಿಯ ಪ್ರಚೋದನೆಯಿಂದ ತುಸು ಸುಮ್ಮನಾಗಿಸಿ, ಚಿತ್ರಗಳ ಹೆಸರು ಹೇಳುವುದರಲ್ಲಿ ನಾಲ್ವರು ರೋಗಿಗಳು ಸುಧಾರಿಸಿದ್ದನ್ನು ವರದಿ ಮಾಡಿದ್ದಾರೆ. ನಾಲ್ವರು ಮಾತ್ರ, ಆದರೂ ವರದಿ ಪ್ರಾಮಾಣಿಕವಾದುದು. ತಮ್ಮನ ಪಾಲು ಇಷ್ಟು.

ಇನ್ನು ನಿಮ್ಮ ಪಾಲು. ಮಾಂಟ್ರಿಯಲ್‌ನ ನರವಿಜ್ಞಾನ ಸಂಸ್ಥೆಯನ್ನು 1934ರಲ್ಲಿ ಸ್ಥಾಪಿಸಿದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯನ್ನು ರೋಗಿ ಎಚ್ಚರವಾಗಿರುವಾಗಲೇ ಮಾಡುತ್ತಿದ್ದರು. ಮೆದುಳಿಗೆ ತನ್ನ ನೋವು ತನಗೆ ತಿಳಿಯದು. ಆದುದರಿಂದ ನೆತ್ತಿಗಷ್ಟೇ ಮರಗಟ್ಟುವ ಮದ್ದು ಕೊಟ್ಟು, ಬುರುಡೆ ತೆರೆದು, ಹೊರಪದರದ ಒಂದೊಂದೇ ಬಿಂದುವಿಗೆ ಮೆಲ್ಲನೆ ವಿದ್ಯುತ್ತು ಮುಟ್ಟಿಸಿ, ಎಲ್ಲಿ ಏನಿದೆಯೆಂದು ತಿಳಿದುಕೊಂಡ ಮೇಲೆಯೇ ಕತ್ತಿ ಆಡಿಸುತ್ತಿದ್ದರು. ಒಂದು ಕಡೆ ಮುಟ್ಟಿದರೆ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು, ಇನ್ನೊಂದು ಕಡೆ ತುಟಿ ಸೊಟ್ಟಗಾಗುತ್ತಿತ್ತು. ಬಾಯಿಯ ಚಲನೆಯ ಜಾಗದಲ್ಲಿ ಮುಟ್ಟಿದಾಗ ರೋಗಿ ತಡೆಯಲಾಗದೆ ಸ್ವರವೊಂದನ್ನು ಎಳೆದು ಕೂಗಿದ್ದೂ ಉಂಟು. ಆದರೆ ಭಾಷೆಯ ಜಾಗದಲ್ಲಿ ಮುಟ್ಟಿದಾಗ ಆಗುತ್ತಿದ್ದುದು ಇದಕ್ಕೆ ತೀರ ವಿರುದ್ಧ: ಆಡುತ್ತಿದ್ದ ಮಾತು ನಿಂತುಬಿಡುತ್ತಿತ್ತು, ಕಣ್ಣೆದುರಿಗಿನ ಚಿತ್ರದ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅಷ್ಟೆಲ್ಲ ಶಸ್ತ್ರಚಿಕಿತ್ಸೆಗಳಲ್ಲಿ ವಿದ್ಯುತ್ತಿನ ಬಲದಿಂದ ಅರ್ಥವುಳ್ಳ ಒಂದು ಪದವೂ ರೋಗಿಯ ಬಾಯಿಂದ ಹೊರಬರಲಿಲ್ಲ. ಈ ಸಂಗತಿಯನ್ನು ಓದಿದಾಗಿನಿಂದ ನನ್ನ ನಂಬಿಕೆ ಗಟ್ಟಿಯಾಗಿದೆ: ಹೊರಗಿನ ಪ್ರವಾಹ ಚಲನೆಯನ್ನು ಎಬ್ಬಿಸಬಲ್ಲದು, ಮಾತನ್ನು ತಡೆಯಬಲ್ಲದು, ಕಲಿಯಲು ನೆಲ ಹದ ಮಾಡಿಯೂ ಕೊಡಬಹುದೇನೋ, ಆದರೆ ಮಾತು ಬರಬೇಕಾದರೆ ಮಾತಾಡಿಸುವವರು ಎದುರಿಗೆ ಇರಲೇಬೇಕು.

ನಿಮ್ಮ ತಂದೆಯವರ ಹಾಡು ಪವಾಡವೆಂದು ಊರಿನವರು ಹೇಳುತ್ತಾರೆಂದು ಬರೆದಿದ್ದೀರಿ. ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲಿಯೇ, ಮಾತು ಹೋಗಿದ್ದರೂ ಪ್ರಾರ್ಥನಾಗೀತೆಗಳನ್ನು ಹಾಡುತ್ತಿದ್ದ ಒಬ್ಬನ ಬಗ್ಗೆ ಬರೆದಿಟ್ಟಿದ್ದಾನೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ಲೆಬೋರ್ನ್ ಎಂಬ ರೋಗಿಗೆ "ಟಾನ್" ಎಂಬ ಒಂದೇ ಸದ್ದು ಉಳಿದಿತ್ತು, ಬಲಗೈ ಬಲಗಾಲು ಬಿದ್ದಿದ್ದವು. ಆದರೂ ಸಿಟ್ಟು ಬಂದಾಗ ಅವನ ಬಾಯಿಂದ ಒಂದು ಬೈಗುಳ ಪೂರ್ತಿಯಾಗಿ ಹೊರಡುತ್ತಿತ್ತು, ಎಣಿಕೆಯ ಪ್ರಶ್ನೆಗಳಿಗೆ ಎಡಗೈ ಬೆರಳುಗಳಲ್ಲಿ ಉತ್ತರ ಕೊಡುತ್ತಿದ್ದ. ಬಾಯಿಪಾಠವಾದ ಹಾಡು, ಬೈಗುಳ, ಎಣಿಕೆ ಇವು ಒಂದು ದಾರಿಯಲ್ಲಿ ಬರುತ್ತವೆ. ಆ ಕ್ಷಣಕ್ಕೆ ಕಟ್ಟಿ ಆಡಬೇಕಾದ ಮಾತು ಇನ್ನೊಂದು ದಾರಿಯಲ್ಲಿ ಬರಬೇಕು. ನಿಮ್ಮ ತಂದೆಯವರಲ್ಲಿ ಕೆಟ್ಟಿರುವುದು ಎರಡನೆಯದು. ಬಲಗೈಯೂ ಮಾತೂ ಒಟ್ಟಿಗೆ ಹೋದುದರಲ್ಲಿಯೂ ಆಶ್ಚರ್ಯವಿಲ್ಲ: ಬಲಗೈಯನ್ನು ಆಡಿಸುವ ಜಾಗ ಎಡಮೆದುಳಿನಲ್ಲಿದೆ, ಬಹುಪಾಲು ಜನರ ಭಾಷೆಯ ಮುಖ್ಯ ಜಾಗವೂ ಅದರ ನೆರೆಯಲ್ಲಿಯೇ ಇದೆ, ಎರಡಕ್ಕೂ ರಕ್ತ ಕೊಡುವುದು ಒಂದೇ ಧಮನಿ.

ಈ ಹಾಡಿನ ದಾರಿಯನ್ನು ಚಿಕಿತ್ಸೆಗೆ ಬಳಸಿದವರಿದ್ದಾರೆ. 1973ರಲ್ಲಿ ಬಾಸ್ಟನ್ನಿನ ವೈದ್ಯರು ಸಣ್ಣ ಸಣ್ಣ ವಾಕ್ಯಗಳನ್ನು ರಾಗವಾಗಿ ಹೇಳಿಸುತ್ತ, ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯಿಂದ ತಾಳ ತಟ್ಟಿಸುವ ಪದ್ಧತಿಯನ್ನು ಪ್ರಕಟಿಸಿದರು. 2011ರಲ್ಲಿ ಜರ್ಮನಿಯ ಸಂಶೋಧಕರು ಅದನ್ನು ಬಿಡಿಸಿ ನೋಡಿ, ರಾಗಕ್ಕಿಂತ ತಾಳ ಮತ್ತು ಬಾಯಿಗೆ ರೂಢಿಯಾದ ನುಡಿ ಇವೆರಡರ ಪಾತ್ರವೇ ದೊಡ್ಡದೆಂದು ತೋರಿಸಿದರು. ಭಜನಿ ಮೇಳದಲ್ಲಿ ತಾಳ ಹಾಕುತ್ತ ಬೆಳೆದ ಮನುಷ್ಯನಿಗೆ ಇದನ್ನು ಕಲಿಸಬೇಕಾಗಿಲ್ಲ. "ನೀರು ಕೊಡು", "ಚಹಾ ಬೇಕು", "ಬಾಗಿಲು ತೆಗಿ" ಎಂಬಂಥ ದಿನಬಳಕೆಯ ನುಡಿಗಳನ್ನು ಎಡಗೈ ತಾಳದೊಂದಿಗೆ ಹೇಳಿಸಿ ನೋಡಿ. ಭಜನೆಯನ್ನಷ್ಟೇ ಹಾಡಿಸುತ್ತಿದ್ದರೆ ಭಜನೆಯೇ ಚೆನ್ನಾಗಿ ಬರುತ್ತದೆ, ನೀರು ಕೇಳುವ ಮಾತು ಬರುವುದಿಲ್ಲ.

ಯಂತ್ರದ ಪರವಾಗಿ ನಡೆದ ಪ್ರಯೋಗಗಳನ್ನೇ ತಮ್ಮನ ಮುಂದೆ ಇಡಿ. ಸೋತ ಕೈಗೆ ಕಾಂತ ಪ್ರಚೋದನೆ ನೆರವಾಗುವುದೇ ಎಂದು ಅಮೆರಿಕದಲ್ಲಿ 199 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಜವಾದ ಪ್ರಚೋದನೆ ಪಡೆದವರಲ್ಲಿಯೂ ಹುಸಿ ಪ್ರಚೋದನೆ ಪಡೆದವರಲ್ಲಿಯೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಸುಧಾರಿಸಿದರು. ಎರಡೂ ಗುಂಪುಗಳಿಗೆ ಸಮನಾಗಿ ಸಿಕ್ಕಿದ್ದು ಕೈಯ ವ್ಯಾಯಾಮ. ಅದೇ ವರ್ಷ ಮಾತಿನ ವಿಷಯದಲ್ಲಿ, ತಲೆಯ ಮೇಲಿನಿಂದ ಒಂದು ಮಿಲಿಯಾಂಪಿಯರ್‌ನಷ್ಟು ಸೌಮ್ಯ ವಿದ್ಯುತ್ತು ಹರಿಸಿದ 74 ಜನರ ಪ್ರಯೋಗವೊಂದು ಬಂತು. ಅದರಲ್ಲಿ ವಿದ್ಯುತ್ತು ಪಡೆದ ಗುಂಪು ಮುಂದಿತ್ತು, ಒಪ್ಪುತ್ತೇನೆ. ಆದರೆ ವಿದ್ಯುತ್ತು ಹರಿಯುತ್ತಿರುವಾಗ ಆ ರೋಗಿಗಳು ಸುಮ್ಮನೆ ಮಲಗಿರಲಿಲ್ಲ, ಚಿತ್ರ ನೋಡಿ ಪದ ಗುರುತಿಸುತ್ತಿದ್ದರು. ಅಂದರೆ ನಿಮ್ಮ ಸಂಜೆಯ ಸಾಲಿ ಆಟ ಅಲ್ಲಿಯೂ ನಡೆದಿತ್ತು! ಯಂತ್ರವೇ ಇಲ್ಲದ ಪ್ರಯೋಗ ಬೇಕಾದರೆ 2017ರ ಜರ್ಮನಿಯದನ್ನು ನೋಡಿ: ಲಕ್ವಾ ಹೊಡೆದು ಆರು ತಿಂಗಳು ಕಳೆದಿದ್ದ, 70 ವರ್ಷದೊಳಗಿನ 156 ಜನರಲ್ಲಿ, ಮೂರು ವಾರ ವಾರಕ್ಕೆ ಕನಿಷ್ಠ 10 ಗಂಟೆಯ ಮಾತಿನ ಚಿಕಿತ್ಸೆ ಪಡೆದವರು ದಿನನಿತ್ಯದ ಸಂಭಾಷಣೆಯಲ್ಲಿ ಸ್ಪಷ್ಟವಾಗಿ ಸುಧಾರಿಸಿದರು, ಕಾಯುವ ಪಟ್ಟಿಯಲ್ಲಿದ್ದವರು ಸುಧಾರಿಸಲಿಲ್ಲ. ಆರು ತಿಂಗಳಾದ ಮೇಲೆ ಇನ್ನೇನೂ ಆಗದು ಎಂಬ ಮಾತನ್ನು ನಮ್ಮ ಊರುಗಳಲ್ಲಿ ಈಗಲೂ ಕೇಳುತ್ತೇನೆ.

ಬಣ್ಣದ ಚಿತ್ರಗಳ ಬಗ್ಗೆ ಒಂದು ಮಾತು. ಜಪಾನಿನ ಸೈಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟ ತತ್ವದ ಮೇಲೆ ನಿಂತಿರುವ, ಎಂಆರ್‌ಐ ಯಂತ್ರದಿಂದ ತೆಗೆಯುವ ಈ ಚಿತ್ರಣ ನರಕೋಶದ ಕೆಲಸವನ್ನು ನೇರವಾಗಿ ಕಾಣುವುದಿಲ್ಲ. ಕೆಲಸ ನಡೆದ ಕಡೆಗೆ ಕೆಲವು ಸೆಕೆಂಡುಗಳ ಬಳಿಕ ಹೆಚ್ಚಿ ಹರಿಯುವ ರಕ್ತದ ಆಮ್ಲಜನಕವನ್ನು ಕಾಣುತ್ತದೆ. ಓಣಿಯಲ್ಲಿ ನಿಂತು ಕೇಳಿದರೆ ಒಳಗೆ ಮಗ್ಗ ಓಡುತ್ತಿರುವುದು ತಿಳಿದೀತು, ಇಳಕಲ್ ಸೀರೆಯ ಟೋಪಿ ತೆನಿ ಸೆರಗಿಗೆ ಕೊಂಡಿ ಹಾಕುತ್ತಿದ್ದಾರೆಯೇ ಎಂಬುದು ತಿಳಿಯದು. ಇನ್ನು ಬಣ್ಣವೆಂಬುದು ಗಣಕ ಬಳಿಯುವುದು, ಎಷ್ಟಕ್ಕೆ ಕೆಂಪು ಎಂಬುದನ್ನು ನಿರ್ಧರಿಸುವವರು ಮನುಷ್ಯರು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಲೆಕ್ಕದಲ್ಲಿ ಎಚ್ಚರಿಕೆ ವಹಿಸದಿದ್ದರೆ ಆ ಮೀನಿನ ಮೆದುಳಿನಲ್ಲಿಯೂ ಕೆಂಪು ಚುಕ್ಕೆಗಳು ಏಳುತ್ತವೆಂದು ತೋರಿಸಿದರು. ತಮ್ಮನಿಗೆ ಬಂದಿರುವ ಚಿತ್ರ ಯಾರದು, ಎಷ್ಟು ಜನರದು, ಕೆಂಪಾದ ಮೇಲೆ ಆ ಮನುಷ್ಯ ಏನು ಮಾತಾಡಿದ ಎಂಬುದು ಜಾಹೀರಾತಿನಲ್ಲಿ ಇಲ್ಲವಷ್ಟೆ?

ಹಾಗೆಂದು ಚಿತ್ರಣವನ್ನು ನಾನು ಹಳಿಯುವವನಲ್ಲ. ನನಗೆ ಬಹಳ ಪ್ರಿಯವಾದ ಪ್ರಯೋಗವೊಂದು ಅದರಿಂದಲೇ ಆದುದು. 2004ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ನೆಕ್ಕು, ಎತ್ತಿಕೋ, ಒದೆ ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದಗಳನ್ನು ಜನರಿಂದ ಮೌನವಾಗಿ ಓದಿಸಿದಾಗ, ಆಯಾ ಅಂಗವನ್ನು ಆಡಿಸುವ ಜಾಗ ಅಥವಾ ಅದರ ನೆರೆಯ ಜಾಗ ಎಚ್ಚತ್ತದ್ದು ಕಂಡಿತು. ಅದರ ಅರ್ಥವೇನೆಂಬ ಜಗಳ ಮುಗಿದಿಲ್ಲ. ನನಗಂತೂ ಅದನ್ನು ಓದಿದಾಗ ನಮ್ಮ ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಂಪೋಜಿಟರ್ ಒಬ್ಬರು ನೆನಪಾದರು. ಲಕ್ವಾ ಹೊಡೆದ ಮೇಲೆ ಅವರಿಗೆ ಅಕ್ಷರಗಳ ಹೆಸರು ಹೇಳಲು ಬರುತ್ತಿರಲಿಲ್ಲ, ಆದರೆ ಮೊಳೆಗಳ ಪೆಟ್ಟಿಗೆಯ ಮುಂದೆ ನಿಲ್ಲಿಸಿದರೆ ಕೈ ಸರಿಯಾದ ಮನೆಗೇ ಹೋಗುತ್ತಿತ್ತು. ಒಬ್ಬರ ಕಥೆ ಪುರಾವೆಯಲ್ಲವೆಂಬುದು ನನಗೂ ಗೊತ್ತು. ಆದರೂ ನಿಮ್ಮ ತಂದೆಯವರನ್ನು ಮಗ್ಗದ ಪಕ್ಕದಲ್ಲಿ ಕೂರಿಸಿ, ಲಾಳಿಯನ್ನು ಎಡಗೈಗೆ ಕೊಟ್ಟು, ಇದೇನು ಎಂದು ಕೇಳಿ ನೋಡಿ ಎನ್ನುವ ಆಸೆಯನ್ನು ತಡೆಯಲಾರೆ. ನೀವು ತೋರಿಸುವ ಸೇಬಿನ ಚಿತ್ರಕ್ಕಿಂತ ಲಾಳಿ ಅವರಿಗೆ ಹತ್ತಿರದ್ದು.

ಈಗ ನಿಮ್ಮನ್ನು ತುಸು ಗದರಬೇಕಾಗಿದೆ. ಅಪ್ಪನ ಕಷ್ಟ ನೋಡಲಾರದೆ ಅವರು ಬಾಯಿ ತೆರೆಯುವ ಮೊದಲೇ ಬೇಕಾದುದನ್ನೆಲ್ಲ ಕೈಗೆ ಕೊಡುತ್ತೇವೆಂದು ಹೆಮ್ಮೆಯಿಂದ ಬರೆದಿದ್ದೀರಿ. ಸಂಜೆ ಒಂದು ತಾಸು ಮಾತು ಕಲಿಸಿ ಉಳಿದ ಹೊತ್ತೆಲ್ಲ ಮಾತಿನ ಅಗತ್ಯವೇ ಇಲ್ಲದಂತೆ ಮಾಡಿದರೆ ಹೇಗೆ? ಅವರು ತಡವರಿಸಲಿ, ನೀವು ಕಾಯಿರಿ. ಬಂದವರು "ಅಜ್ಜಾಗ ತಿಳಿಯೂದಿಲ್ಲ" ಎಂದು ಅವರ ಎದುರಿಗೇ ನಿಮ್ಮೊಡನೆ ಮಾತಾಡಿದರೆ ತಡೆಯಿರಿ. ಇಂಥವರಲ್ಲಿ ಬಹಳ ಜನಕ್ಕೆ ಮಾತು ತಿಳಿಯುತ್ತದೆ, ಆಡಲು ಬರುವುದಿಲ್ಲ.

ನನ್ನ ದೊಡ್ಡ ಸಿಟ್ಟು ನಿಮ್ಮ ಮೇಲೂ ಇಲ್ಲ, ತಮ್ಮನ ಮೇಲೂ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಗೆ ಎಂಆರ್‌ಐ ಯಂತ್ರಗಳು ಬಂದಿವೆ. ಚಿತ್ರ ತೆಗೆಸಲು ಸಾಲಾಗಿ ನಿಲ್ಲುತ್ತೇವೆ, ಮಾತು ಕಲಿಸುವ ವಾಕ್ ಚಿಕಿತ್ಸಕರನ್ನು ಹುಡುಕಿಕೊಂಡು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವವರೂ ಇದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗೆಳೆಯರೊಡನೆ ಉರ್ದು ಆಡುವ ಬೆಳಗಾವಿಯ ಮನುಷ್ಯನಿಗೆ ಲಕ್ವಾ ಹೊಡೆದರೆ ಯಾವ ಭಾಷೆ ಮೊದಲು ಮರಳುತ್ತದೆ? ಹೆಚ್ಚು ಬಳಸಿದ ಭಾಷೆ ಎಂದು ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲಿ ವಾದಿಸಿದ, ಮೊದಲು ಕಲಿತದ್ದು ಎಂದು ಅವನಿಗಿಂತ ಮುಂಚೆ ಅಲ್ಲಿಯದೇ ಮನೋವಿಜ್ಞಾನಿ ರಿಬೋ ಹೇಳಿದ್ದ. 1978ರಲ್ಲಿ ಅಮೆರಿಕದ ಓಜ್‌ಮನ್ ಮತ್ತು ವಿಟೇಕರ್ ಎರಡು ಭಾಷೆಯ ಇಬ್ಬರು ರೋಗಿಗಳ ಮೆದುಳಿಗೆ ವಿದ್ಯುತ್ತು ಮುಟ್ಟಿಸಿ, ಕೆಲವು ಬಿಂದುಗಳಲ್ಲಿ ಎರಡೂ ಭಾಷೆಗಳು, ಕೆಲವು ಕಡೆ ಒಂದೇ ಭಾಷೆ ತಡವರಿಸುವುದನ್ನು ಕಂಡರು. ಮೂರು ಭಾಷೆಗಳನ್ನು ದಿನವೂ ಆಡುವ ಜನ ಲಕ್ಷಗಟ್ಟಲೆ ಇರುವುದು ನಮ್ಮಲ್ಲಿ. ಪ್ರಶ್ನೆ ಕೇಳಿದವರು ಮಾತ್ರ ಅಲ್ಲಿಯವರು. ಕ್ರಿಯಾಪದವನ್ನು ವಾಕ್ಯದ ತುದಿಗಿಟ್ಟು, ಆಡಿದವನೋ ಆಡಿದವಳೋ ಎಂಬುದನ್ನೂ ಅದರಲ್ಲಿಯೇ ಹೇಳುವ ನಮ್ಮ ಭಾಷೆ ಮೆದುಳಿನಲ್ಲಿ ಹೇಗೆ ನಡೆಯುತ್ತದೆಂದು ತಿಳಿಯುವ ಕುತೂಹಲ ನಮ್ಮ ವಿಶ್ವವಿದ್ಯಾಲಯಗಳಿಗೆ ಇನ್ನೂ ಹೆಚ್ಚು ಇರಬೇಕಿತ್ತು.

ತಮ್ಮ ಹಟ ಹಿಡಿದರೆ ಜಗಳಕ್ಕೆ ಹೋಗಬೇಡಿ. ಪೇಸ್‌ಮೇಕರ್ ಅಥವಾ ತಲೆಯೊಳಗೆ ಲೋಹದ ಕ್ಲಿಪ್ ಇದ್ದವರಿಗೆ, ಮೂರ್ಛೆ ಬಂದವರಿಗೆ ಈ ಪ್ರಚೋದನೆ ಅಪಾಯಕರವಾಗಬಹುದು; ಮೊದಲು ನರರೋಗ ತಜ್ಞರನ್ನು ಕೇಳಿ. ಆಮೇಲೆ ಆ ಕೇಂದ್ರಕ್ಕೆ ಒಂದು ಕಾಗದ ಬರೆಯಲಿ: ಪ್ರಚೋದನೆಯ ಜೊತೆಗೆ ದಿನಕ್ಕೆ ಎಷ್ಟು ಹೊತ್ತು ಮಾತಿನ ಚಿಕಿತ್ಸೆ ಕೊಡುತ್ತೀರಿ, ಅದನ್ನು ಕೊಡುವವರಿಗೆ ಕನ್ನಡ ಬರುತ್ತದೆಯೇ, ಸುಧಾರಣೆಯನ್ನು ಚಿತ್ರದಿಂದ ಅಳೆಯುತ್ತೀರೋ ಮಾತಿನಿಂದ ಅಳೆಯುತ್ತೀರೋ. ಲಿಖಿತ ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕೊಡುತ್ತೇನೆ.